ತಿಮಿಂಗಿಲದ ತುಂಡು, ಕಪಿಲೆಯ ಮೀನು

ಈ ಅಂಕಣದ ಓದುಗರು ಬಿಟ್ಟೂ ಬಿಡದೆ ಕೇಳುವ ಪ್ರಶ್ನೆಯೊಂದಿದೆ. ನಂಜನಗೂಡು, ಟಿ. ನರಸೀಪುರದ ಕಡೆಯ ಮಕ್ಕಳು ಈಗ ಓಸ್ಲೊ, ಬರ್ಗೆನ್, ಸ್ಟಾಕ್‌ಹೋಮ್ ಎಂದು ಕೆಲಸ ಹಿಡಿದು ಹೋಗಿದ್ದಾರೆ. ಬಾಣಂತನಕ್ಕೋ ಬೇಸಿಗೆಯ ರಜೆಗೋ ಅಲ್ಲಿಗೆ ಹೋದ ಅಪ್ಪ ಅಮ್ಮಂದಿರು ಬರ್ಗೆನ್ ಬಂದರಿನ ಮೀನುಪೇಟೆಯಲ್ಲಿ ಕಪ್ಪುಗೆಂಪು ಬಣ್ಣದ ಮಾಂಸದ ತುಂಡುಗಳನ್ನು ನೋಡುತ್ತಾರೆ. ಅದು ತಿಮಿಂಗಿಲದ್ದು ಎಂದು ತಿಳಿದಾಗ ಗಾಬರಿಯಾಗುತ್ತಾರೆ. ಊರಿಗೆ ಮರಳಿದ ಮೇಲೆ ಪತ್ರ ಬರೆಯುತ್ತಾರೆ. ಅಷ್ಟು ಓದಿದ, ಅಷ್ಟು ಅನುಕೂಲವಿರುವ ಜನ ಇದನ್ನು ತಿನ್ನುವುದು ಸರಿಯೇ? ಕೇಳಿದರೆ ‘ನಮ್ಮ ಸಂಪ್ರದಾಯ’ ಎನ್ನುತ್ತಾರಲ್ಲ, ಸಂಪ್ರದಾಯ ಎಂದ ಮಾತ್ರಕ್ಕೆ ಒಪ್ಪಿಬಿಡಬೇಕೇ? ಈಚೆಗೆ ನರಸೀಪುರದ ಶಿಕ್ಷಕಿಯೊಬ್ಬರು ಇದೇ ಪ್ರಶ್ನೆ ಕೇಳಿ, ತರಗತಿಯ ಮಕ್ಕಳಿಗೆ ಏನು ಉತ್ತರ ಕೊಡಲಿ ಎಂದೂ ಬರೆದಿದ್ದಾರೆ.

ಮಕ್ಕಳಿಗೆ ಹೇಳಬೇಕೆಂದರೆ ಎರಡು ಕತೆ ಹೇಳಬೇಕು. ಒಂದು ಉತ್ತರದ ಕಡಲಿನದು. ಇನ್ನೊಂದು ಅವರ ಶಾಲೆಯಿಂದ ನಡೆದೇ ಹೋಗಬಹುದಾದ ನದಿಯದು. ಎರಡನೆಯದನ್ನು ಬಿಟ್ಟು ಮೊದಲನೆಯದನ್ನಷ್ಟೇ ಹೇಳಿದರೆ ದೂರದವರ ತಟ್ಟೆಯ ಮೇಲೆ ತೀರ್ಪು ಕೊಡುವುದನ್ನು ಕಲಿಸಿದ ಹಾಗಾಗುತ್ತದೆ.

ಮೊದಲು ತಿಳಿಯಬೇಕಾದದ್ದು, ಉತ್ತರ ಯೂರೋಪಿನವರೆಲ್ಲ ತಿಮಿಂಗಿಲ ತಿನ್ನುವವರಲ್ಲ. ಸ್ವೀಡನ್, ಫಿನ್‌ಲ್ಯಾಂಡ್‌ನ ಅಡುಗೆಯಲ್ಲಿ ಅದಕ್ಕೆ ಜಾಗವಿಲ್ಲ. ಬೇಟೆ ನಡೆದುಕೊಂಡು ಬಂದಿರುವುದು ನಾರ್ವೆ, ಐಸ್‌ಲ್ಯಾಂಡ್, ಫ್ಯಾರೊ ದ್ವೀಪಗಳಲ್ಲಿ. ಗ್ರೀನ್‌ಲ್ಯಾಂಡ್‌ನ ಇನ್ಯುಯಿಟ್ ಜನರ ಮಾತು ಬೇರೆ. ಬೆಳೆ ಅಷ್ಟಾಗಿ ಬೆಳೆಯದ ಹಿಮದ ನೆಲದಲ್ಲಿ ಅವರಿಗೆ ಅದು ಹೊಟ್ಟೆಪಾಡು. ಆ ಬೇಟೆಗೆ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವೇ ಪ್ರತ್ಯೇಕ ಅನುಮತಿ ಕೊಡುತ್ತದೆ.

ನಾರ್ವೆಯವರು ಹಿಡಿಯುವುದು ಮಿಂಕೆ ಎಂಬ ಸಣ್ಣ ಜಾತಿಯನ್ನು. ಸಣ್ಣದೆಂದರೂ ಉದ್ದ ಏಳೆಂಟು ಮೀಟರ್, ತೂಕ ಹಲವು ಟನ್. ತಿಮಿಂಗಿಲ ಮೀನಲ್ಲ, ಮರಿ ಹಾಕಿ ಹಾಲೂಡಿಸುವ ಪ್ರಾಣಿ. ಆದ್ದರಿಂದ ಅದರ ಮಾಂಸವೂ ಮೀನಿನಂತೆ ಬೆಳ್ಳಗಿರುವುದಿಲ್ಲ. ಉಸಿರು ಬಿಗಿಹಿಡಿದು ಆಳಕ್ಕೆ ಮುಳುಗುವ ಪ್ರಾಣಿಯಾದ್ದರಿಂದ ಸ್ನಾಯುಗಳಲ್ಲೇ ಆಮ್ಲಜನಕವನ್ನು ಕೂಡಿಟ್ಟುಕೊಳ್ಳುತ್ತದೆ. ಹಾಗೆ ಕೂಡಿಡುವ ಪದಾರ್ಥವೇ ಮಾಂಸಕ್ಕೆ ಆ ಕಡುಗೆಂಪು ಕೊಡುತ್ತದೆ. ಬಾಣಲೆಯಲ್ಲಿ ಈರುಳ್ಳಿಯೊಡನೆ ಹುರಿದು ಆಲೂಗಡ್ಡೆಯ ಜೊತೆ ಉಣ್ಣುವುದು ಅಲ್ಲಿನ ರೂಢಿ. ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಬಡತನದ ವರ್ಷಗಳಲ್ಲಿ ಕರಾವಳಿಯ ಮನೆಗಳಿಗೆ ಇದೇ ಅಗ್ಗದ ಮಾಂಸ. ಈಗ ಅರವತ್ತು ಎಪ್ಪತ್ತು ದಾಟಿದವರಿಗೆ ಅದು ಅಮ್ಮನ ಕೈಯಡುಗೆಯ ನೆನಪು. ಅವರ ಮೊಮ್ಮಕ್ಕಳು ಅಪರೂಪಕ್ಕೆ ತಿನ್ನುತ್ತಾರೆ, ಬಹಳ ಮಂದಿ ತಿನ್ನುವುದೇ ಇಲ್ಲ. ಸರ್ಕಾರ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಮಿಂಕೆ ಹಿಡಿಯಲು ಅನುಮತಿ ಕೊಟ್ಟರೂ ಈಚಿನ ವರ್ಷಗಳಲ್ಲಿ ಹಿಡಿಯುತ್ತಿರುವುದು ನಾಲ್ಕೈದು ನೂರರ ಆಸುಪಾಸು. ಒಂದು ಕಾಲಕ್ಕೆ ಮುನ್ನೂರಕ್ಕೂ ಮೇಲಿದ್ದ ಬೇಟೆ ದೋಣಿಗಳು ಈಗ ಹತ್ತು ಹದಿನೈದಕ್ಕೆ ಇಳಿದಿವೆ.

ಹಾಗಾದರೆ ಜಗತ್ತಿನ ತಿಮಿಂಗಿಲಗಳನ್ನು ಮುಗಿಸಿದವರು ಯಾರು? ಇಲ್ಲಿಯೇ ನಾವು ಸ್ವಲ್ಪ ನಿಂತು ನೋಡಬೇಕು. ಕರಾವಳಿಯ ಮನೆಗಳ ಊಟದಿಂದ ಅವು ಮುಗಿಯಲಿಲ್ಲ. 1860ರ ದಶಕದ ಕೊನೆಯಲ್ಲಿ ಸ್ವೆಂಡ್ ಫೊಯ್ನ್ ಎಂಬ ನಾರ್ವೆಯವನು ತುದಿಯಲ್ಲಿ ಸಿಡಿಗುಂಡು ಕಟ್ಟಿದ ಈಟಿಯನ್ನು ತೋಪಿನಿಂದ ಹಾರಿಸುವ ವಿಧಾನವನ್ನು ಪಳಗಿಸಿದ. ಅದಕ್ಕೆ ಉಗಿದೋಣಿಯೂ ಜೊತೆಯಾಯಿತು. ಅದುವರೆಗೆ ಮನುಷ್ಯನ ಕೈಗೆ ಸಿಗದೆ ವೇಗವಾಗಿ ಈಜುತ್ತಿದ್ದ ನೀಲಿ ತಿಮಿಂಗಿಲ, ಫಿನ್ ತಿಮಿಂಗಿಲಗಳು ಸಿಗತೊಡಗಿದವು. ಬೇಕಾಗಿದ್ದದ್ದು ಮಾಂಸವಲ್ಲ, ಎಣ್ಣೆ. ದೀಪಕ್ಕೆ, ಸಾಬೂನಿಗೆ, ಆಮೇಲೆ ಯೂರೋಪಿನ ಬಡವರ ಬ್ರೆಡ್ಡಿಗೆ ಸವರುವ ಮಾರ್ಗರಿನ್‌ಗೆ. ನಾರ್ವೆ, ಬ್ರಿಟನ್, ಜಪಾನ್, ಸೋವಿಯತ್ ಹಡಗುಗಳು ಅಂಟಾರ್ಕ್ಟಿಕಾದವರೆಗೂ ಹೋಗಿ ಇಪ್ಪತ್ತನೆಯ ಶತಮಾನ ಒಂದರಲ್ಲೇ ಸುಮಾರು 29 ಲಕ್ಷ ತಿಮಿಂಗಿಲಗಳನ್ನು ಕೊಂದವು. ನೀಲಿ ತಿಮಿಂಗಿಲವೇ ಮೂರು ಲಕ್ಷಕ್ಕೂ ಹೆಚ್ಚು. ಮಿಂಕೆ ಉಳಿದುಕೊಂಡದ್ದು ಎಣ್ಣೆಯ ಲೆಕ್ಕಕ್ಕೆ ಬಾರದಷ್ಟು ಸಣ್ಣದಾಗಿದ್ದರಿಂದ.

1982ರಲ್ಲಿ ಆಯೋಗ ವಾಣಿಜ್ಯ ಬೇಟೆಗೆ ತಡೆ ಹಾಕಲು ತೀರ್ಮಾನಿಸಿತು. 1986ರ ಹೊತ್ತಿಗೆ ಅದು ಜಾರಿಗೆ ಬಂತು. ನಾರ್ವೆ ಆಕ್ಷೇಪಣೆ ದಾಖಲಿಸಿ, 1993ರಲ್ಲಿ ಮತ್ತೆ ವಾಣಿಜ್ಯ ಬೇಟೆ ಆರಂಭಿಸಿತು. ಅಲ್ಲಿಂದ ಮುಂದೆ ಅವರು ಮಾಡಿದ ಒಂದು ಕೆಲಸವನ್ನು ನಾನು ಮೆಚ್ಚುತ್ತೇನೆ. ವಿಜ್ಞಾನಿಗಳು ಹಡಗಿನಲ್ಲಿ ಕಡಲು ಸುತ್ತಿ, ನೀರಿನಿಂದ ಮೇಲೆದ್ದ ಮಿಂಕೆಗಳನ್ನು ಗುರುತು ಹಾಕಿಕೊಂಡು, ಆರು ವರ್ಷಕ್ಕೊಂದು ಸುತ್ತಿನಂತೆ ಗಣತಿ ಮಾಡುತ್ತಾರೆ. ಆ ಭಾಗದ ಕಡಲಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಿಂಕೆಗಳಿವೆ ಎಂಬುದು ಆ ಗಣತಿಯ ಫಲಿತಾಂಶ. 1997ರಿಂದ ಹಿಡಿದ ಪ್ರತಿ ಮಿಂಕೆಯ ಡಿಎನ್‌ಎ ಮಾದರಿಯನ್ನೂ ದಾಖಲಿಸಿಡುತ್ತಾರೆ. ಅಂಗಡಿಯ ಯಾವುದೇ ತುಂಡನ್ನು ಪರೀಕ್ಷೆಗೆ ಹಾಕಿದರೆ ಅದು ಲೆಕ್ಕದೊಳಗಿನ ಪ್ರಾಣಿಯದೋ ಕಳ್ಳತನದ್ದೋ ತಿಳಿಯುತ್ತದೆ.

ಮೆಚ್ಚುಗೆಯ ಜೊತೆಗೆ ನನ್ನ ತಕರಾರನ್ನೂ ಹೇಳಿಬಿಡುತ್ತೇನೆ. ಸಿಡಿಗುಂಡಿನ ಈಟಿ ನೆಟ್ಟ ಐದು ತಿಮಿಂಗಿಲಗಳಲ್ಲಿ ಸುಮಾರು ನಾಲ್ಕು ಕೂಡಲೇ ಸಾಯುತ್ತವೆ ಎಂದು ಅವರದೇ ಅಧ್ಯಯನ ಹೇಳುತ್ತದೆ. ಐದನೆಯದು ನಿಮಿಷಗಟ್ಟಲೆ ನರಳುತ್ತದೆ. ಹಿಡಿಯುವವುಗಳಲ್ಲಿ ಹೆಣ್ಣೇ ಹೆಚ್ಚು, ಏಕೆಂದರೆ ಬೇಟೆಯ ನೀರಿಗೆ ಬೇಸಿಗೆಯಲ್ಲಿ ಬರುವುದು ಹೆಚ್ಚಾಗಿ ಹೆಣ್ಣುಗಳು. ಬೇರೆ ಊಟ ಧಾರಾಳವಾಗಿರುವ ದೇಶಕ್ಕೆ ಈ ಬೇಟೆ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಮಿಂಕೆ ಅಳಿದುಹೋಗುತ್ತದೆ ಎಂದು ನಾನು ವಾದಿಸಲಾರೆ. ಲೆಕ್ಕ ಹಾಗೆ ಹೇಳುವುದಿಲ್ಲ.

ಫ್ಯಾರೊ ದ್ವೀಪಗಳ ಪದ್ಧತಿ ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಪೈಲಟ್ ತಿಮಿಂಗಿಲಗಳ ಹಿಂಡು ಕಂಡರೆ ದೋಣಿಗಳು ಅರ್ಧಚಂದ್ರಾಕಾರವಾಗಿ ನಿಂತು ಅವುಗಳನ್ನು ಕೊಲ್ಲಿಯೊಳಕ್ಕೆ ಅಟ್ಟುತ್ತವೆ. ದಡದಲ್ಲಿ ಊರೇ ನಿಂತಿರುತ್ತದೆ. ಕಡಿದ ಮಾಂಸವನ್ನು ಅಧಿಕಾರಿಯೊಬ್ಬ ಅಳೆದು, ಬೇಟೆಗೆ ಇಳಿದವರಿಗೂ ಊರಿನ ಮನೆಗಳಿಗೂ ಪಾಲು ಹಾಕುತ್ತಾನೆ. ಹಬ್ಬದ ಮಾರನೆಯ ದಿನ ನಮ್ಮ ಹಳ್ಳಿಗಳಲ್ಲಿ ಗುಡ್ಡೆ ಬಾಡು ಹಾಕಿ ಮನೆಮನೆಗೆ ಒಂದೊಂದು ಗುಡ್ಡೆ ಹಂಚುತ್ತಾರಲ್ಲ, ಅದೇ ನ್ಯಾಯ. ಆ ಪಾಲಿನ ಲೆಕ್ಕ 1709ರಿಂದ ಒಂದು ವರ್ಷವೂ ತಪ್ಪದೆ ಅಲ್ಲಿ ಬರೆದಿಡಲಾಗಿದೆ. ವರ್ಷಕ್ಕೆ ಸರಾಸರಿ 800ರಷ್ಟು ಪೈಲಟ್ ತಿಮಿಂಗಿಲಗಳು. ಆದರೂ 2021ರ ಸೆಪ್ಟೆಂಬರ್ 12ರಂದು ಒಂದೇ ದಿನ 1,400ಕ್ಕೂ ಹೆಚ್ಚು ಡಾಲ್ಫಿನ್‌ಗಳನ್ನು ಕೊಂದಾಗ ದ್ವೀಪದವರೇ ತಲೆ ತಗ್ಗಿಸಿದರು. ಅಷ್ಟು ಮಾಂಸ ಹಂಚಲು ಮನೆಗಳಾದರೂ ಎಲ್ಲಿದ್ದವು? ಮರುವರ್ಷ ಡಾಲ್ಫಿನ್‌ಗಳಿಗೆ 500ರ ಮಿತಿ ಹಾಕಲಾಯಿತು.

ಅಲ್ಲಿ ಸಂಪ್ರದಾಯಕ್ಕೆ ಬಿದ್ದ ದೊಡ್ಡ ಪೆಟ್ಟು ಹೊರಗಿನವರ ಪ್ರತಿಭಟನೆಯಿಂದಲ್ಲ, ಮನೆಯ ವೈದ್ಯರಿಂದಲೇ ಬಂತು. ಕಾರ್ಖಾನೆಗಳ ಪಾದರಸ ಗಾಳಿಗೆ ಸೇರಿ, ಮಳೆಯಲ್ಲಿ ಕಡಲಿಗಿಳಿದು, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ಅಲ್ಲಿಂದ ತಿಮಿಂಗಿಲಕ್ಕೆ ಏರುತ್ತ ಗಟ್ಟಿಯಾಗುತ್ತ ಹೋಗುತ್ತದೆ. ಪಾಲ್ ವೈಹೆ ಎಂಬ ವೈದ್ಯರು ಮತ್ತು ಅವರ ಜೊತೆಗಾರರು ತಾಯಂದಿರನ್ನೂ ಮಕ್ಕಳನ್ನೂ ಹಲವು ವರ್ಷ ಪರೀಕ್ಷಿಸಿ, ಗರ್ಭದಲ್ಲೇ ಪಾದರಸ ಸೋಕಿದ ಮಕ್ಕಳ ಕಲಿಕೆ, ನೆನಪು ಕುಂದುತ್ತದೆ ಎಂದು ತೋರಿಸಿದರು. 2008ರಲ್ಲಿ ವೈಹೆ ಮತ್ತು ದ್ವೀಪದ ಮುಖ್ಯ ವೈದ್ಯಾಧಿಕಾರಿ ಸೇರಿ, ಪೈಲಟ್ ತಿಮಿಂಗಿಲದ ಮಾಂಸ ಇನ್ನು ಮನುಷ್ಯರ ಆಹಾರಕ್ಕೆ ತಕ್ಕುದಲ್ಲ ಎಂದು ಸರ್ಕಾರಕ್ಕೆ ಬರೆದರು. ಆ ಕಾಗದ ಬರೆದವರೂ ಅದೇ ಊಟ ಉಂಡು ಬೆಳೆದವರು. ಅವರಿಗೆ ಎಷ್ಟು ನೋವಾಗಿರಬೇಕು!

ಐಸ್‌ಲ್ಯಾಂಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಒಂದೇ ಕಂಪನಿ ಫಿನ್ ತಿಮಿಂಗಿಲ ಹಿಡಿದು ಮಾಂಸವನ್ನು ಮುಖ್ಯವಾಗಿ ಜಪಾನಿಗೆ ಕಳಿಸುತ್ತಿತ್ತು. ತಾವು ತಿನ್ನದೆ ಹಡಗು ಹತ್ತಿಸುವುದನ್ನು ಊಟದ ಸಂಪ್ರದಾಯ ಎಂದು ಕರೆಯಲು ನನಗೆ ಮನಸ್ಸಿಲ್ಲ. ಪ್ರವಾಸ ಹೋಗುವವರಿಗೆ ಒಂದು ಎಚ್ಚರಿಕೆ ಮಾತ್ರ ಕೊಡುತ್ತೇನೆ. ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ತಿಮಿಂಗಿಲಗಳು ಮೊದಲ ಪರಿಚ್ಛೇದದಲ್ಲಿವೆ, ಹುಲಿಯ ಸಾಲಿನಲ್ಲಿ. ನೆನಪಿಗೆಂದು ಒಣಮಾಂಸದ ಪೊಟ್ಟಣವನ್ನೋ ಮೂಳೆಯ ತುಂಡನ್ನೋ ಚೀಲದಲ್ಲಿಟ್ಟುಕೊಂಡು ಬಂದರೆ ವಿಮಾನ ನಿಲ್ದಾಣದಿಂದ ಠಾಣೆಗೆ ಹೋಗಬೇಕಾದೀತು.

ಈಗ ನಮ್ಮ ನದಿಗೆ ಬರೋಣ.

ವಯನಾಡಿನಲ್ಲಿ ಹುಟ್ಟಿದ ಕಬಿನಿ, ನಾವು ಕಪಿಲೆ ಎನ್ನುವವಳು, ಹುಲ್ಲಹಳ್ಳಿಯ ಅಣೆ ದಾಟಿ, ನಂಜುಂಡೇಶ್ವರನ ಗುಡಿಯ ಪಕ್ಕ ಹರಿದು, ಸುತ್ತೂರಿನ ಮಗ್ಗುಲಲ್ಲಿ ಹಾದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಈ ನೀರಿನಲ್ಲಿ ಕಡಲಿನ ತಿಮಿಂಗಿಲದಷ್ಟೇ ಬೆರಗು ಹುಟ್ಟಿಸುವ ಜೀವವೊಂದಿತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ಗಾಳ ಹಾಕಿ 120 ಪೌಂಡ್ ತೂಕದ ಮಾಶೀರ್ ಮೀನನ್ನು ಎಳೆದರು. ನಮ್ಮ ಲೆಕ್ಕದಲ್ಲಿ 54 ಕಿಲೋ. ಹುಲಿ, ಚಿರತೆಗಳ ಚರ್ಮ ಹದಮಾಡಿ ಜೀವಂತ ಪ್ರಾಣಿಯಂತೆ ನಿಲ್ಲಿಸುವುದರಲ್ಲಿ ಜಗತ್ತಿಗೇ ಹೆಸರಾಗಿದ್ದ ಮನೆತನ ಅದು. ಗಾಳದಲ್ಲಿ ಹಿಡಿದ ಮಾಶೀರ್‌ಗಳಲ್ಲಿ ಆ ಮೀನಿಗಿಂತ ದೊಡ್ಡದು ದಾಖಲೆಯಲ್ಲಿಲ್ಲ. ಹಿಮಾಲಯದ ಗಂಗೆಯಲ್ಲಲ್ಲ, ನಮ್ಮ ಕಬಿನಿಯಲ್ಲಿ ಸಿಕ್ಕಿದ ಮೀನು!

ಬೆನ್ನಿನ ಮುಂಭಾಗದಲ್ಲಿ ಎದ್ದ ಗೂನು, ದಪ್ಪ ತುಟಿ, ಅಂಗೈಯಗಲದ ಹೊನ್ನಿನ ಬಣ್ಣದ ಹುರುಪೆ, ಕಿತ್ತಳೆ ಛಾಯೆಯ ರೆಕ್ಕೆ. ಕಾವೇರಿ ಕಣಿವೆ ಬಿಟ್ಟರೆ ಜಗತ್ತಿನ ಬೇರೆಲ್ಲೂ ಈ ಗೂನುಬೆನ್ನಿನ ಮಾಶೀರ್ ಇಲ್ಲ. ಮಳೆಗಾಲದಲ್ಲಿ ಕೆಂಪುನೀರು ಏರಿದಾಗ ಪ್ರವಾಹದ ಎದುರು ಈಜಿಕೊಂಡು ಮೇಲಿನ ಹೊಳೆಗಳಿಗೆ ಹೋಗಿ, ಜಲ್ಲಿಕಲ್ಲಿನ ನಡುವೆ ಮೊಟ್ಟೆಯಿಟ್ಟು ಬರುವುದು ಇದರ ಬದುಕು.

ನದಿದಡದ ಜನ ಇದನ್ನು ತಿಂದರೇ? ತಿಂದರು. ನಾನು ಹುಟ್ಟಿ ಬೆಳೆದದ್ದು ಸಂಗಮದಿಂದ ಕೂಗಳತೆಯ ದೂರದಲ್ಲಿ. ಹರಿಗೋಲು ಹಾಕಿ, ಬೀಸುಬಲೆ ಎಸೆದು ಬದುಕು ಕಟ್ಟಿದ ಬೆಸ್ತರ ಹಿರಿಯರೊಬ್ಬರ ಜೊತೆ ಮಾತಿಗೆ ಕೂತಾಗಲೆಲ್ಲ ದೊಡ್ಡ ಮೀನಿನ ಮಾತು ತಾನಾಗಿ ಬರುತ್ತದೆ. ‘ಆಗ ಒಂದ್ ಮೀನ್ ಬಿದ್ರೆ ಇಡೀ ಬೀದಿಗೆ ಸಾರು ಕಣಪ್ಪ. ತಲೆ ಹಿಡಿದೋರ ಮನೆಗೆ, ಮಿಕ್ಕಿದ್ದು ಪಾಲು. ದುಡ್ಡು ಯಾರು ಕೇಳ್ತಿದ್ರು?’ ಎನ್ನುತ್ತಾರೆ. ಹುಣಸೆಹುಳಿ ಕಿವುಚಿ, ಖಾರ ಅರೆದು ಹಾಕಿ, ಮಣ್ಣಿನ ಮಡಕೆಯಲ್ಲಿ ಕುದಿಸಿ, ಒಂದು ರಾತ್ರಿ ಬಿಟ್ಟು ಮಾರನೆಯ ಬೆಳಗ್ಗೆ ಬಿಸಿ ಮುದ್ದೆಗೆ ಹಾಕಿಕೊಳ್ಳುವ ಸಾರು ಅದು. ನಂಜನಗೂಡಿನ ಗುಡಿಯ ಸೋಪಾನದ ಬಳಿ ಯಾರೂ ಬಲೆ ಬೀಸುತ್ತಿರಲಿಲ್ಲ. ಭಕ್ತರು ಎಸೆದ ಪುರಿಗೆ ಮೀನುಗಳು ಬಂದು ಬಾಯಿ ತೆರೆಯುವುದನ್ನು ನೋಡುತ್ತ ನಿಲ್ಲುವುದು ಮಕ್ಕಳಾದ ನಮಗೆಲ್ಲ ಖುಷಿ. ಗುಡಿಯ ಮುಂದೆ ಕೈಮುಗಿಸಿಕೊಂಡ ಮೀನು ಒಂದು ಹರದಾರಿ ಆಚೆ ಬಲೆಗೆ ಬೀಳುತ್ತಿತ್ತು. ಇದರಲ್ಲಿ ಯಾರಿಗೂ ಜಗಳ ಕಾಣಲಿಲ್ಲ. ಆ ಎರಡೂ ಸೇರಿ ನದಿಯನ್ನು ಉಳಿಸಿದ್ದವು ಎಂದೇ ನಾನು ನಂಬಿದ್ದೇನೆ.

ಕನ್ನಡ ನಾಡಿನಲ್ಲಿ ಈ ನಂಟು ಎಷ್ಟು ಹಳೆಯದು ನೋಡಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಗಾಳ ಹಾಕುವುದಕ್ಕೇ ಒಂದು ಭಾಗವಿದೆ. ಯಾವ ಮೀನು ಎಲ್ಲಿರುತ್ತದೆ, ಯಾವುದಕ್ಕೆ ಯಾವ ಮೇವು ಕಟ್ಟಬೇಕು, ದಾರ ಎಂಥದ್ದಿರಬೇಕು ಎಂಬುದೆಲ್ಲ ಅದರಲ್ಲಿದೆ. ಅದೇ ಗ್ರಂಥದ ಅಡುಗೆಯ ಭಾಗದಲ್ಲಿ ಮೀನು, ಆಮೆಗಳ ಪಾಕವೂ ಬರುತ್ತದೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ 1950ರ ದಶಕದ ಆರಂಭದಲ್ಲಿ ಆ ಭಾಗವನ್ನು ಅಧ್ಯಯನ ಮಾಡಿ, ಹೇಳಿದ ಮೀನುಗಳು ಯಾವುವು ಎಂದು ಗುರುತಿಸಲು ಯತ್ನಿಸಿದರು. ಸುಮಾರು ಒಂಬೈನೂರು ವರ್ಷ ಮೊದಲೇ ನದಿಮೀನಿನ ಮೇವು, ತಾವುಗಳನ್ನು ಬರೆದಿಟ್ಟ ನಾಡು ನಮ್ಮದು.

ಆಮೇಲೆ ಏನಾಯಿತು? ತಿಮಿಂಗಿಲಕ್ಕೆ ಆದದ್ದೇ ಇಲ್ಲಿಯೂ ಆಯಿತು. ಉಂಡವರಿಂದ ಮುಗಿಯಲಿಲ್ಲ. ಹೆಚ್ಚಾಗಿ ಮನೆಯ ಊಟಕ್ಕೆ ಸಂಬಂಧವಿಲ್ಲದ ಕೆಲಸಗಳು ಮುಗಿಸಿದವು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. 1934ರಲ್ಲಿ ಕೆಳಗೆ ಮೆಟ್ಟೂರು, 1974ರಲ್ಲಿ ಮೇಲೆ ಕಬಿನಿ ಅಣೆಕಟ್ಟೆ ಎದ್ದವು. ನಮ್ಮ ಗದ್ದೆಗಳಿಗೆ ನೀರು ಕೊಟ್ಟ ಕಟ್ಟೆಗಳನ್ನು ಬೈಯುವುದು ನನ್ನಿಂದಾಗದು, ನನ್ನ ಮನೆಯ ಅನ್ನವೂ ಅವುಗಳದೇ. ಆದರೆ ಮೊಟ್ಟೆಯಿಡಲು ಮೇಲೇರುವ ಮೀನಿಗೆ ದಾರಿ ಕಡಿದುಹೋಯಿತು ಎಂಬುದು ನಿಜ. ಉಳಿದ ಹರಿವಿನಲ್ಲಿ ಮರಳು, ಜಲ್ಲಿ ತೆಗೆದರು. ನಂಜನಗೂಡಿನಿಂದ ತಲಕಾಡಿನವರೆಗೆ ನದಿಯ ತಳವನ್ನು ಲಾರಿಗೆ ತುಂಬಿ ಕಳಿಸಿದ ವರ್ಷಗಳನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಅದಕ್ಕಿಂತ ಕೆಟ್ಟದ್ದು ತೋಟೆ. ನೀರಿನಲ್ಲಿ ಡೈನಮೈಟ್ ಸಿಡಿಸಿದರೆ ಮಡುವಿನ ತಾಯಿಮೀನು, ಮರಿಮೀನು, ಏಡಿ ಎಲ್ಲ ಒಟ್ಟಿಗೇ ಸಾಯುತ್ತವೆ. ತೇಲಿದ ಒಂದಿಷ್ಟನ್ನು ಬಾಚಿಕೊಂಡು ಹೋಗುತ್ತಾರೆ, ಮುಳುಗಿದ್ದು ಕೊಳೆಯುತ್ತದೆ. ಇಂಥ ಹಾವಳಿಯ ವಿರುದ್ಧದ ಕೂಗು ಹೊಸದಲ್ಲ. 1873ರಲ್ಲೇ ಹೆನ್ರಿ ಸಲಿವನ್ ಥಾಮಸ್ ಗಾಳ ಹಾಕುವುದರ ಬಗ್ಗೆ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ ಬರೆದ. ಅದಕ್ಕೂ ಮೊದಲು ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದಾಗಲೇ ಹೊಳೆಗೆ ವಿಷ ಹಾಕುವುದನ್ನೂ ಸಣ್ಣಕಣ್ಣಿನ ಬಲೆಯನ್ನೂ ನಿಲ್ಲಿಸಬೇಕೆಂದು ಅವನು ಸರ್ಕಾರಕ್ಕೆ ಒತ್ತಿ ಹೇಳಿದ್ದ. 1897ರ ಮೀನುಗಾರಿಕೆ ಕಾಯ್ದೆ ಸಿಡಿಮದ್ದು, ವಿಷ ಎರಡನ್ನೂ ನಿಷೇಧಿಸಿತು. ಕಾಯ್ದೆಗೆ ನೂರ ಇಪ್ಪತ್ತು ವರ್ಷ ದಾಟಿದರೂ ತೋಟೆಯ ಸದ್ದು ನಿಂತಿಲ್ಲ.

ಇನ್ನೊಂದು ಕಾರಣ ಒಳ್ಳೆಯ ಮನಸ್ಸಿನಿಂದಲೇ ಬಂದದ್ದು. ಮಾಶೀರ್ ಕಡಿಮೆಯಾಗುತ್ತಿದೆ ಎಂದು 1970ರ ದಶಕದಿಂದ ಲೋಣಾವಳದ ಮರಿಕೇಂದ್ರದಲ್ಲಿ ಬೆಳೆಸಿದ ಮಾಶೀರ್ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಅವು ಕೃಷ್ಣಾ ಕಣಿವೆಯ ನೀಲಿರೆಕ್ಕೆಯ ಜಾತಿ. ಹೊಸ ನೀರಿಗೆ ಒಗ್ಗಿಕೊಂಡು ಹೆಚ್ಚಿದವು. ಗೂನುಬೆನ್ನಿನ ಹಳೆಯ ಒಡೆಯ ಕಡಿಮೆಯಾದ. ಇದು ಗೊತ್ತಾದದ್ದು ಹೇಗೆ ಎಂಬುದನ್ನು ಮಕ್ಕಳಿಗೆ ಖಂಡಿತ ಹೇಳಬೇಕು. ಶಿವನಸಮುದ್ರದ ಕೆಳಗಿನ ಗಾಲಿಬೋರೆಯಲ್ಲಿ ಗಾಳ ಹಾಕಲು ಬಂದವರು ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಮತ್ತೆ ನೀರಿಗೆ ಬಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಪುಸ್ತಕಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಮೀನುಗಳ ದಾಖಲೆಯಿತ್ತು. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತಿತರ ವಿಜ್ಞಾನಿಗಳು ಅವನ್ನು ಕೂತು ಓದಿದರು. ನೀಲಿರೆಕ್ಕೆಯದು ಏರುತ್ತಿದೆ, ಗೂನುಬೆನ್ನಿನದು ಕಣ್ಮರೆಯಾಗುತ್ತಿದೆ ಎಂಬುದು ಪುಟಗಳಲ್ಲಿ ಸ್ಪಷ್ಟವಾಗಿತ್ತು. 2018ರಲ್ಲಿ ಅದೇ ತಂಡ ಈ ಮೀನಿಗೆ ಸಲ್ಲಬೇಕಾದ ವೈಜ್ಞಾನಿಕ ಹೆಸರು ‘ಟಾರ್ ರೆಮದೇವಿ’ ಎಂದು ಇತ್ಯರ್ಥ ಮಾಡಿತು. ಭಾರತದ ಪ್ರಾಣಿಶಾಸ್ತ್ರ ಸರ್ವೇಕ್ಷಣೆಯ ವಿಜ್ಞಾನಿ ಕೆ. ರೆಮಾದೇವಿ ಅವರ ಗೌರವಕ್ಕೆ ಇಟ್ಟ ಹೆಸರು ಅದು. ಅದೇ ವರ್ಷ ಐಯುಸಿಎನ್ ಕೆಂಪುಪಟ್ಟಿ ಈ ಮೀನನ್ನು ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ವರ್ಗಕ್ಕೆ ಸೇರಿಸಿತು. ಯಾವ ಮೀನು ಎಂದು ಹೆಸರು ಖಚಿತವಾದ ವರ್ಷವೇ ಅದು ಮುಗಿಯುತ್ತಿದೆ ಎಂಬ ಸುದ್ದಿಯೂ ಬಂತು. ಈಗ ಅದರ ಮುಖ್ಯ ಆಸರೆ ನೀಲಗಿರಿಯ ಬುಡದ ಮೋಯಾರ್ ಹೊಳೆ.

ಮಿಂಕೆಯ ಜಾತಿಗೆ ಈ ಗತಿ ಬಂದಿಲ್ಲ ಎಂಬುದನ್ನು ನಂಜನಗೂಡಿನ, ನರಸೀಪುರದ ಓದುಗರು ಗಮನಿಸಬೇಕು. ನಾರ್ವೆಯವರು ತಿನ್ನುವ ಪ್ರಾಣಿ ಒಂದು ಲಕ್ಷಕ್ಕೂ ಹೆಚ್ಚಿದೆ. ನಾವು ಪುರಿ ಎಸೆದು ಕೈಮುಗಿಯುವ ನದಿಯ ರಾಜ ಅಳಿವಿನ ಅಂಚಿನಲ್ಲಿದ್ದಾನೆ. ಅವರ ಮೇಲೆ ಸಿಟ್ಟು ಬರುವಷ್ಟು ಸುಲಭವಾಗಿ ನಮ್ಮ ಮೇಲೆ ನಮಗೆ ಸಿಟ್ಟು ಬರಲಿಲ್ಲ.

ಭಕ್ತಿ ಕೆಲಸಕ್ಕೆ ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಶೃಂಗೇರಿಯ ತುಂಗೆಯಲ್ಲಿ, ಕಾವೇರಿ ದಡದ ರಾಮನಾಥಪುರದಲ್ಲಿ ದೇವರ ಮೀನೆಂದು ಜನ ಮುಟ್ಟದೆ ಬಿಟ್ಟಿದ್ದರಿಂದಲೇ ಮಾಶೀರ್‌ಗಳು ಉಳಿದಿವೆ. ಆದರೆ ಸೋಪಾನದ ಉದ್ದಕ್ಕಷ್ಟೇ ಕಾವಲು ಸಾಲದು. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಹರಿಯುವ ಹೊಳೆಯ ಹೆಸರೂ ಕಪಿಲೆಯೇ. ಅಲ್ಲಿನ ಶಿಶಿಲೇಶ್ವರನ ಮೀನುಗಳಿಗೆ 1996ರಲ್ಲಿ ದುರುಳರು ವಿಷ ಹಾಕಿದರು. ಸಾವಿರಾರು ಮೀನುಗಳು ಸತ್ತವು. ಊರಿನವರು ಅತ್ತು, ಸತ್ತ ಮೀನುಗಳ ನೆನಪಿಗೆ ಸ್ಮಾರಕ ಕಟ್ಟಿದರು. ಮತ್ತೆ ಕಾದರು, ಮೀನುಗಳು ಮತ್ತೆ ತುಂಬಿಕೊಂಡವು. ಮೇಲಿನ ಕಾಡು, ಹರಿವು, ಜಲ್ಲಿ ನೆಟ್ಟಗಿದ್ದುದರಿಂದ ಅದು ಸಾಧ್ಯವಾಯಿತು.

ಇವತ್ತು ನರಸೀಪುರದ ರಸ್ತೆ ಬದಿಯಲ್ಲಿ ನದಿಮೀನೆಂದು ತೂಗಿ ಕೊಡುವವುಗಳಲ್ಲಿ ಕಾಟ್ಲಾ, ರೋಹು ಉತ್ತರದ ಗಂಗಾ ಬಯಲಿನವು. ಜಿಲೇಬಿ ಎಂದು ನಾವು ಕರೆಯುವ ತಿಲಾಪಿಯ ಆಫ್ರಿಕಾದ್ದು, 1952ರಲ್ಲಿ ಭಾರತಕ್ಕೆ ಬಂದದ್ದು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ ನಿಷೇಧಿಸಿದ್ದರೂ ಅದು ಕೆರೆ, ಹೊಳೆ ಸೇರಿ ಕೂತಿದೆ. ಮಡಕೆ ಅದೇ, ಹುಣಸೆಹುಳಿ ಅದೇ, ಅಜ್ಜಿಯ ಕೈಯಳತೆಯೂ ಅದೇ. ಮೀನು ಮಾತ್ರ ಬೇರೆ. ಹೀಗೆ ಸಾರಿನ ರೂಢಿ ಉಳಿದು, ಅದನ್ನು ಹುಟ್ಟಿಸಿದ ಜೀವ ಹೋಗಿದೆ. ಇದರಿಂದ ನನಗೆ ತಿಳಿದದ್ದು, ಒಂದು ಸಂಪ್ರದಾಯ ಬದುಕಲು ಅಳಿಯುತ್ತಿರುವ ಪ್ರಾಣಿಯೇ ತಟ್ಟೆಗೆ ಬರಬೇಕೆಂದಿಲ್ಲ. ಫ್ಯಾರೊ ದ್ವೀಪದ ಪಾಲು ಹಂಚುವ ಒಳ್ಳೆಯ ಪದ್ಧತಿ ಬೇರೆ ಆಹಾರದ ಮೇಲೂ ಬದುಕಬಲ್ಲದು. ನಮ್ಮ ಬೆಸ್ತರ ಬೀದಿಯ ಮೀನುಸಾರು ಸಾಕಿದ ಮೀನಿನಲ್ಲೂ ರುಚಿಯಾಗಿಯೇ ಇದೆ.

ಶಿಕ್ಷಕಿಯವರಿಗೆ ನನ್ನ ಉತ್ತರ ಇಷ್ಟು. ಸಂಪ್ರದಾಯದ ಊಟಕ್ಕೆ ಒಂದು ಬೆಲೆಯಿದೆ, ಅದನ್ನು ಹೊರಗಿನವರು ಹೀಯಾಳಿಸಬಾರದು. ಆದರೆ ಆ ಊಟಕ್ಕೆ ಎರಡು ಷರತ್ತು. ಪ್ರಾಣಿ ಎಷ್ಟಿದೆ ಎಂದು ಎಣಿಸಿರಬೇಕು. ಕಡಿಮೆಯಾಗಿದೆ ಎಂದು ತಿಳಿದ ದಿನ, ಕಡಿಮೆ ಮಾಡಿದವರು ಯಾರೇ ಆಗಿರಲಿ, ಕೈ ಹಿಂದೆಗೆಯಬೇಕು. ನಾರ್ವೆಯ ಮಿಂಕೆ ಬೇಟೆ ಮೊದಲನೆಯ ಷರತ್ತನ್ನು ಪೂರೈಸುತ್ತದೆ. ನಾವು ಎರಡರಲ್ಲಿ ಒಂದನ್ನೂ ಪೂರೈಸಿಲ್ಲ. ಗಾಲಿಬೋರೆಯಲ್ಲಿ ಗಾಳದವರು ಬರೆದಿಟ್ಟಂಥ ಪುಸ್ತಕ ಕಪಿಲೆಯ ದಡದಲ್ಲಿ ಹುಟ್ಟಲಿಲ್ಲ.

ಅದು ಈಗಲಾದರೂ ಹುಟ್ಟಲಿ. ಮೀನುಗಾರಿಕೆ ಇಲಾಖೆ ಹುಲ್ಲಹಳ್ಳಿಯ ಅಣೆಯಿಂದ ತಿರುಮಕೂಡಲಿನವರೆಗೆ, ಅಲ್ಲಿಂದ ತಲಕಾಡಿನವರೆಗೆ ಮಡು ಮಡುವ ಸಮೀಕ್ಷೆ ಮಾಡಲಿ. ಬೆಸ್ತ ಸಮುದಾಯದ ಹಿರಿಯರನ್ನು ಕೂಲಿಗಲ್ಲ, ಗುರುಗಳಾಗಿ ಜೊತೆಗೆ ಕರೆದುಕೊಳ್ಳಲಿ, ಯಾವ ಮಡುವಿನಲ್ಲಿ ಏನಿತ್ತು ಎಂಬುದು ಅವರಿಗೆ ಗೊತ್ತು. ಮರಿ ಬಿಡುವುದಾದರೆ ಈ ಕಣಿವೆಯ ಜಾತಿಯದೇ ಮರಿ ಬಿಡಲಿ. ಬಲೆ ಹಾಕುವ ಅಣ್ಣತಮ್ಮಂದಿರಲ್ಲಿ ನನ್ನ ವಿನಂತಿ ಇದು. ಗೂನುಬೆನ್ನಿನ, ಕಿತ್ತಳೆ ರೆಕ್ಕೆಯ ಮೀನು ಬಲೆಗೆ ಬಿದ್ದರೆ ನೀರಿನಲ್ಲೇ ಬಿಡಿಸಿ ಬಿಟ್ಟುಬಿಡಿ, ಎಲ್ಲಿ ಸಿಕ್ಕಿತೆಂದು ಇಲಾಖೆಗೆ ತಿಳಿಸಿ. ಕೊಳ್ಳುವವರಲ್ಲೂ ಒಂದು ಮಾತು. ತೋಟೆ ಹಾಕಿ ಹಿಡಿದದ್ದೆಂದು ಗೊತ್ತಾದ ಮೀನನ್ನು ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ, ಎಲ್ಲಿ ಸಿಡಿಸಿದರು ಎಂದು ಪೊಲೀಸರಿಗೆ ಹೇಳಿ.